ಕಂಪನಿ ಸಾಲಿಯ ಮುಯ್ಯಿ

ನಮ್ಮ ಮನೆಯ ಎದುರಿಗೆ ಹೊಸ ಕಟ್ಟಡ ಏಳುತ್ತಿದೆ. ಅಲ್ಲಿದ್ದ ಹಲಸಿನ ಮರ ಹೋಯಿತೆಂದು ನಾನು ಒಂದು ವಾರ ಗೊಣಗಿದೆ, ಆಮೇಲೆ ಎಲ್ಲರ ಹಾಗೆ ಸುಮ್ಮನಾದೆ. ಈಗ ಬೆಳಿಗ್ಗೆ ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತಾಗ ಅಲ್ಲಿಯವರು ಹೊಸ ಸ್ಲ್ಯಾಬಿಗೆ ಪೈಪಿನಿಂದ ನೀರು ಬಿಡುತ್ತಿರುತ್ತಾರೆ. ಹಸಿ ಸಿಮೆಂಟಿನ ತಣ್ಣನೆಯ ವಾಸನೆ ರಸ್ತೆ ದಾಟಿ ಬರುತ್ತದೆ. ಹಳೆಯದನ್ನು ನೆನಪಿಸಿಕೊಳ್ಳಲು ಬೇರೆಯವರಿಗೆ ಮಲ್ಲಿಗೆ, ಕೇದಿಗೆ, ಅಜ್ಜಿ ಕಾಯಿಸಿದ ತುಪ್ಪ ಎಲ್ಲ ಇರುತ್ತವೆ. ನನ್ನ ಹಣೆಬರಹಕ್ಕೆ ಸಿಮೆಂಟು. ಆ ವಾಸನೆ ಬಂದರೆ ಸಾಕು, ನಾನು ಫೋಂಡಾದ ಈ ಬಾಲ್ಕನಿ ಬಿಟ್ಟು ಕುಂಡಯಿಯ ಕಾರ್ಖಾನೆಯ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿರುತ್ತೇನೆ. ನಿಮಗೆ ಅವಸರವಿಲ್ಲದಿದ್ದರೆ ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ, ಹೋಗಿ ಬರೋಣ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಧಾರವಾಡದಿಂದ ಬಂದು ಕುಂಡಯಿಯ ಒಂದು ಕಂಪನಿಯಲ್ಲಿ ಸಿಬ್ಬಂದಿ ವಿಭಾಗದ ಅಧಿಕಾರಿಯಾಗಿದ್ದೆ. ಔಷಧಿ ಬಾಟಲಿಗಳ ಮುಚ್ಚಳ ಮಾಡುವ ಕಂಪನಿ. ನೀವು ಆ ದಿನಗಳಲ್ಲಿ ಕೆಮ್ಮಿನ ಔಷಧಿ ಕುಡಿದವರಾಗಿದ್ದರೆ ನಮ್ಮ ನಿಮ್ಮ ಪರಿಚಯ ಆಗಲೇ ಆಗಿದೆ ಎಂದು ತಿಳಿಯಬಹುದು. ಗೋವಾಕ್ಕೆ ಹೊರಟಾಗ ನನ್ನ ತಾಯಿ ಮೀನಿಗೂ ಮದ್ಯಕ್ಕೂ ಹೆದರಿದ್ದಳು. ನಾನು ಕೆಟ್ಟದ್ದು ಮಾತ್ರ ಪಾವಿನಿಂದ. ಬೆಳಿಗ್ಗೆ ಬ್ರೆಡ್ಡಿನವನ ಸೈಕಲ್ಲಿನ ಪೋಂ ಪೋಂ ಕೇಳಿದ ಕೂಡಲೇ ಬಿಸಿ ಪಾವು ತರಲು ಓಡುತ್ತಿದ್ದೆ, ಹೊಟ್ಟೆ ಬೆಳೆಯಿತು. ಅದು ಇಲ್ಲಿಯ ವಿಷಯವಲ್ಲ ಬಿಡಿ.

ವಿಷಯವೆಂದರೆ, ಒಂದು ದಿನ ಮುಂಬೈಯ ಮುಖ್ಯ ಕಚೇರಿಗೆ ಸಮಾಜದ ನೆನಪಾಯಿತು. ಲಾಭದಲ್ಲಿ ಒಂದು ಪಾಲನ್ನು ಬಡ ಮಕ್ಕಳ ಶಿಕ್ಷಣಕ್ಕೆ ತೊಡಗಿಸಬೇಕು, ಅದರಲ್ಲೂ ಹೆಣ್ಣು ಮಕ್ಕಳಿಗೆ, ಎಂದು ಅಪ್ಪಣೆಯಾಯಿತು. ನಾನು ನಗುತ್ತೇನೆಂದು ಅವರ ಮನಸ್ಸು ಕೆಟ್ಟದ್ದಿತ್ತು ಎಂದುಕೊಳ್ಳಬೇಡಿ. ದುಡ್ಡು ಖರೇನೇ ಬಂತು, ಬೇಗನೇ ಬಂತು. ಯಾರು ನೋಡಿಕೊಳ್ಳುವುದು ಎಂಬ ಪ್ರಶ್ನೆ ಬಂದಾಗ ನಮ್ಮ ಮ್ಯಾನೇಜರರು ನನ್ನ ಕಡೆ ತಿರುಗಿದರು. ನನ್ನ ಅರ್ಹತೆ ಒಂದೇ: ನನ್ನ ಹೆಂಡತಿ ವಿಮಲಾ ಶಿಕ್ಷಕಿಯ ತರಬೇತಿ ಮುಗಿಸಿ ಮನೆಯಲ್ಲಿ ಕೂತಿದ್ದಳು. ನಮಗೆ ಮಕ್ಕಳಿಲ್ಲ. ಮಧ್ಯಾಹ್ನದ ಹೊತ್ತು ಆಕೆ ಸುಮ್ಮನೆ ಕಿಟಕಿಯ ಹತ್ತಿರ ನಿಂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ನೋಡಿ ಏನು ಮಾಡಬೇಕೆಂದು ತಿಳಿಯದೆ ಪೇಪರ್ ಓದಿದ್ದೆ. ಸಾಲಿಯ ವಿಷಯ ಹೇಳಿದಾಗ ಆಕೆ, “ಯಾವಾಗಿಂದ ಬರ್ಲಿ?” ಎಂದಷ್ಟೇ ಕೇಳಿದಳು.

ಆಗ ನಮ್ಮ ಕಾಂಪೌಂಡಿನ ಒಳಗೇ ಒಂದು ದೊಡ್ಡ ಶೆಡ್ ಏಳುತ್ತಿತ್ತು. ಕಟ್ಟುವವರೆಲ್ಲ ಮುದ್ದೇಬಿಹಾಳ, ಸಿಂದಗಿ ಕಡೆಯ ಮಂದಿ. ಹಿಂದಿನ ಗೋಡೆಯಾಚೆ ಕೆಂಪು ಕಲ್ಲಿನ ಇಳಿಜಾರಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಅವರ ಮಕ್ಕಳು ಸಾಲಿ ಬಿಟ್ಟು ಬಂದವರು, ಇಲ್ಲವೆ ಸಾಲಿಯ ಮುಖವನ್ನೇ ಕಾಣದವರು. ಪಟ್ಟಣದಲ್ಲಿ ಒಂದು ಕನ್ನಡ ಸಾಲಿ ಇತ್ತು. ಅಲ್ಲಿಯ ಹೆಡ್‌ಮಾಸ್ತರರು, ಜೂನ್‌ನೊಳಗೆ ಓದು ಬರಹ ಕಲಿಸಿ ತಂದರೆ ವಯಸ್ಸಿಗೆ ತಕ್ಕ ಕ್ಲಾಸಿನಲ್ಲಿ ಕೂರಿಸಿಕೊಳ್ಳುತ್ತೇನೆ ಎಂದಿದ್ದರು. ಹಾಗೆ ತಯಾರು ಮಾಡುವುದೇ ನಮ್ಮ ಕೆಲಸ.

ಸಾಲಿಗೆಂದು ಕಾಂಪೌಂಡಿನೊಳಗಿನ ಹಳೆಯ ಕ್ಯಾಂಟೀನಿಗೆ ಸುಣ್ಣ ಬಣ್ಣವಾಯಿತು. ನೀಲಿ ಬೆಂಚು ಬಂದವು, ತಿರುಗುವ ಗ್ಲೋಬ್ ಬಂತು. ಮುಂಬೈಯಿಂದ ಬಂದ ಕಲಾವಿದ ಗೋಡೆಯ ತುಂಬ ಹಿಮದ ಬೆಟ್ಟ ಬರೆದು, ಅದರ ಮೇಲೆ ಪೆಂಗ್ವಿನ್‌ಗಳನ್ನು ನಿಲ್ಲಿಸಿ ಹೋದ. ಮೊದಲ ದಿನ ಬಂದ ಹುಡುಗ ಅದನ್ನು ಬಹಳ ಹೊತ್ತು ನೋಡಿ, ಇದು ಯಾವ ಊರಿನ ಕೋಳಿ ಎಂದು ಕೇಳಿದ. ಕಂಪನಿ ಆ ಕೋಣೆಗೆ ಉದ್ದದ ಇಂಗ್ಲಿಷ್ ಹೆಸರಿಟ್ಟಿತ್ತು. ಗುಡಿಸಲಿನವರು ಕಂಪನಿ ಸಾಲಿ ಎಂದರು, ಅದೇ ಉಳಿಯಿತು.

ಗಂಡು ಹುಡುಗರು ಬಂದರು. ಹುಡುಗಿಯರು ಬರಲಿಲ್ಲ. ವಿಮಲಾ ಗುಡಿಸಲು ಗುಡಿಸಲು ತಿರುಗಿ ಕರೆದು ಬಂದಳು. ತಾಯಂದಿರು ಹೂಂ ಹೂಂ ಎಂದರು, ಮರುದಿನ ಮತ್ತೆ ಯಾರೂ ಇಲ್ಲ. ಇದ್ದವಳು ಒಬ್ಬಳೇ, ಅವಳೂ ಕಿಟಕಿಯ ಹೊರಗೆ. ಒಂಬತ್ತು ಹತ್ತರ ವಯಸ್ಸು, ಸೊಂಟದ ಮೇಲೆ ಒಂದು ದಪ್ಪ ಕೂಸು. ಒಳಗೆ ಯಾರಿಗೂ ಉತ್ತರ ಬರದಿದ್ದಾಗ ಅವಳು ಹೊರಗಿನಿಂದ ಹೇಳಿ, ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಳ್ಳುತ್ತಿದ್ದಳು. ಹೆಸರು ರೇಣವ್ವ. ಅವಳ ತಾಯಿ ಸಂಗವ್ವ ನಮ್ಮ ಶೆಡ್ಡಿಗೆ ಕಾಂಕ್ರೀಟು ಹೊರುವವಳು.

“ಒಳಗ ಬಾರವಾ,” ಎಂದಳು ವಿಮಲಾ.

“ಕೂಸು ಅಳತೈತ್ರಿ ಅಕ್ಕಾರ.”

“ಕೂಸನ್ನೂ ಕರಕೊಂಡು ಬಾ.”

ರೇಣವ್ವ ಒಳಗೆ ಬಂದವಳು ಬೆಂಚನ್ನೂ ನೋಡಲಿಲ್ಲ, ಪೆಂಗ್ವಿನ್ನನ್ನೂ ನೋಡಲಿಲ್ಲ. ತಲೆ ಎತ್ತಿ ಚಾವಣಿಯ ಕಬ್ಬಿಣದ ತೊಲೆಗಳನ್ನು ನೋಡಿ, “ಅದಕ್ಕ ಕಟ್ಟಲೇನ್ರಿ?” ಎಂದಳು. ಯಾವುದನ್ನು ಎಂದು ನಾವು ಕೇಳುವುದರೊಳಗೆ ಮನೆಗೆ ಓಡಿ ತಾಯಿಯ ಹಳೆಯ ಸೀರೆ ತಂದಳು. ಸ್ಟೂಲಿನ ಮೇಲೆ ಸ್ಟೂಲಿಟ್ಟು ಕಟ್ಟಿಕೊಟ್ಟವನು ನಾನೇ. ಗಂಟು ಸರಿ ಬರಲಿಲ್ಲವೆಂದು ಅವಳು ಬಿಚ್ಚಿ ಮತ್ತೆ ಕಟ್ಟಿಸಿದಳು. ಕೂಸನ್ನು ಜೋಲಿಯಲ್ಲಿ ಮಲಗಿಸಿ, ಅದಕ್ಕೊಂದು ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ತನ್ನ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಬೆಂಚಿನ ಮೇಲೆ ಕೂತಳು. ಕಾಲು ಆಡುತ್ತಿತ್ತು, ಕೈ ಪಾಟಿಯ ಮೇಲೆ ಅ ಆ ಬರೆಯುತ್ತಿತ್ತು.

ಮುಂದಿನ ವಾರದೊಳಗೆ ಚಾವಣಿಯ ತುಂಬ ಜೋಲಿಗಳು. ಹಸಿರು, ಕೆಂಪು, ಬಣ್ಣ ಹೋದ ಇಳಕಲ್ ಸೀರೆ. ಹುಡುಗಿಯರು ಬರದೆ ಇದ್ದದ್ದು ಸಾಲಿ ಬೇಡವೆಂದಲ್ಲ, ಅವರವರ ಸೊಂಟದ ಮೇಲೆ ಒಂದೊಂದು ತಮ್ಮನೋ ತಂಗಿಯೋ ಇತ್ತು ಎಂದು. ಇಷ್ಟು ಸಣ್ಣ ವಿಷಯ ಮುಂಬೈಗೂ ಹೊಳೆದಿರಲಿಲ್ಲ, ಧಾರವಾಡಕ್ಕೂ ಹೊಳೆದಿರಲಿಲ್ಲ. ನೀವು ಆ ಕೋಣೆಯನ್ನು ನೋಡಬೇಕಿತ್ತು. ಎರಡೊಂದ್ಲೆ ಎರಡು ಎಂದು ಎಲ್ಲರೂ ಕೂಡಿ ಹೇಳುತ್ತಿದ್ದರು, ಆ ರಾಗಕ್ಕೆ ಜೋಲಿಗಳೆಲ್ಲ ಒಮ್ಮೆ ಅತ್ತ ಒಮ್ಮೆ ಇತ್ತ ಹೋಗುತ್ತಿದ್ದವು. ಕಬ್ಬಿಣದ ತೊಲೆ ಕಿರ್ರೆನ್ನುತ್ತಿತ್ತು. ಯಾರಿಗೆ ಲೆಕ್ಕ ತಿಳಿಯಲಿಲ್ಲ ಎಂದು ವಿಮಲಾ ಕೇಳಬೇಕಾಗಿರಲಿಲ್ಲ. ಯಾವ ಜೋಲಿ ನಿಂತಿದೆಯೋ ಆ ಹುಡುಗಿ ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದಾಳೆ ಎಂದರ್ಥ. ನಾನು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಂಥ ಅಚ್ಚರಿ ನನಗೆ ದೇವಸ್ಥಾನಗಳಲ್ಲೂ ಆಗಿಲ್ಲ.

ವಿಮಲಾ ರಾತ್ರಿ ಊಟಕ್ಕೆ ಕೂತರೆ ಬರೀ ರೇಣವ್ವನ ಮಾತು. “ಆ ಹುಡುಗಿ ಜೂನ್‌ದಾಗ ಸೀದಾ ನಾಲ್ಕನೇತ್ತಾಕ ಕೂಡ್ತಾಳ, ನೋಡ್ರಿ ನೀವು.” ನಾಲ್ಕನೇತ್ತೆ ಎಂದರೆ ನಾಲ್ಕನೇ ಕ್ಲಾಸು. ನಾನು ಪಲ್ಯಕ್ಕೆ ಉಪ್ಪಿಲ್ಲ ಎಂದರೆ ಅದಕ್ಕೂ ಹೂಂ ಎನ್ನುತ್ತಿದ್ದಳು. ಉಪ್ಪಿಲ್ಲದ ಪಲ್ಯ ತಿಂದೂ ನಾನು ಸುಖವಾಗಿದ್ದ ದಿನಗಳು ಅವು.

ನಮ್ಮ ಕಂಪನಿಯ ಸುರಕ್ಷಾ ಅಧಿಕಾರಿ ಶಿರೋಡ್ಕರ್. ಮಡಗಾಂವಿನ ಕಡೆಯವರು, ತಾಯಿ ಕಾರವಾರದವರಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅವರು ಒಂದು ಮಧ್ಯಾಹ್ನ ಸಾಲಿಗೆ ಬಂದು, ಜೋಲಿಗಳನ್ನು ನೋಡಿ, ಟೋಪಿ ತೆಗೆದು ತಲೆ ಒರೆಸಿಕೊಂಡರು. ಆಮೇಲೆ ನನ್ನನ್ನು ಹೊರಗೆ ಕರೆದರು.

“ನೋಡಿ ಬಾಬ, ನನಗೆ ಇವರ ಮೇಲೆ ಏನು ದುಶ್ಮನಿ ಉಂಟು? ನನ್ನ ಮನೆಯಲ್ಲೂ ಸಣ್ಣ ಕೂಸು ಉಂಟು. ಆದರೆ ಕಾರ್ಖಾನೆ ಕಾಂಪೌಂಡಿನಲ್ಲಿ ಹಾಲು ಕುಡಿಯುವ ಮಕ್ಕಳನ್ನು ಇಡಲಿಕ್ಕೆ ನಿಯಮ ಇಲ್ಲ. ಈ ಬಾಗಿಲ ಮುಂದೆಯೇ ಮಾಲಿನ ಗಾಡಿ ತಿರುಗುತ್ತದೆ. ಒಂದು ಕೂಸು ಜೋಲಿ ಇಳಿದು ಅಂಬೆಗಾಲಿನಲ್ಲಿ ಹೊರಗೆ ಬಂದರೆ ನಾವಿಬ್ಬರೂ ಜನ್ಮದಲ್ಲಿ ನಿದ್ದೆ ಮಾಡುವುದಿಲ್ಲ.”

ಅವರ ಮಾತು ಸರಿಯಾಗಿತ್ತು. ನಾನು ಮುಂಬೈಗೆ ಫೋನ್ ಮಾಡಿ, ಗೇಟಿನ ಹೊರಗೆ ಕೂಸುಗಳಿಗೊಂದು ಕೋಣೆ, ನೋಡಿಕೊಳ್ಳಲು ಒಬ್ಬ ಆಯಾ ಬೇಕೆಂದು ಕೇಳಿದೆ. ಬಹಳ ಮರ್ಯಾದೆಯಿಂದ ಮಾತಾಡಿದರು. ಕೂಸುಗಳು ಶಿಕ್ಷಣದೊಳಗೆ ಬರುವುದಿಲ್ಲ, ಬರುವ ವರ್ಷ ಬೇರೆ ಬಾಬತ್ತಿನಲ್ಲಿ ವಿಚಾರ ಮಾಡೋಣ ಎಂದರು. ಕೂಸುಗಳು ಬರುವ ವರ್ಷದವರೆಗೆ ಕಾಯುವ ಜಾತಿಯಲ್ಲ. ಶನಿವಾರ ಜೋಲಿಗಳು ಇಳಿದವು. ಜೋಲಿ ಇಳಿದರೆ ಹುಡುಗಿಯರೂ ಹೋದಂತೆ. ರೇಣವ್ವ ಸೀರೆ ಮಡಿಚಿ ಕಂಕುಳಲ್ಲಿಟ್ಟುಕೊಂಡು, ಪಾಟಿಯನ್ನು ವಿಮಲಾಳ ಮೇಜಿನ ಮೇಲಿಟ್ಟು ಹೋದಳು. ಅವಳು ಅಳಲಿಲ್ಲ. ಮನೆಗೆ ಬಂದು ವಿಮಲಾ ಅತ್ತಳು.

ಭಾನುವಾರ ನಾವಿಬ್ಬರೂ ಗುಡಿಸಲುಗಳ ಕಡೆ ಹೋದೆವು. ಹೆಂಗಸರು ಬಟ್ಟೆ ಒಗೆಯುತ್ತ, ರೊಟ್ಟಿ ಬಡಿಯುತ್ತ ಇದ್ದರು. ವಿಮಲಾ ಕಲ್ಲಿನ ಮೇಲೆ ಕೂತು ನಿಯಮ ಹೀಗಿದೆ ಎಂದು ಎಲ್ಲ ಹೇಳಿದಳು. ಸಂಗವ್ವ ಎತ್ತರದ ಹೆಂಗಸು, ಮಾತು ಕಡಿಮೆ. ಅವಳು ಪಕ್ಕದ ಗುಡಿಸಲಿನ ಗೌರವ್ವನ ಮುಖ ನೋಡಿದಳು. ಗೌರವ್ವನ ಮಕ್ಕಳಿಬ್ಬರೂ ಸಾಲಿಯಲ್ಲಿದ್ದರು, ಮೂರನೆಯದು ಮೊಲೆ ಕುಡಿಯುತ್ತಿತ್ತು.

“ಹೊರಗಾದ್ರ ನಡೀತೈತೇನ್ರಿ? ಗೇಟಿನ ಹೊರಗ?” ಎಂದಳು ಸಂಗವ್ವ.

“ಹೊರಗ ಯಾರು ನೋಡಕೊಳ್ಳೋರವಾ? ನೀವೆಲ್ಲ ಕೆಲಸಕ್ಕ ಹೋಗ್ತೀರಿ,” ಎಂದೆ ನಾನು.

“ಮುಯ್ಯಿ ಮಾಡ್ತೇವ್ರಿ,” ಎಂದಳು ಗೌರವ್ವ, ರೊಟ್ಟಿ ತಿರುವಿಹಾಕುತ್ತ.

ಮುಯ್ಯಿ ಎಂದರೆ ನಿಮಗೆ ಗೊತ್ತಿರಬಹುದು. ನಮ್ಮ ಕಡೆ ಕಳೆ ತೆಗೆಯುವಾಗ, ರಾಶಿ ಮಾಡುವಾಗ ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿಯಿಲ್ಲ, ಕರಾರಿಲ್ಲ. ಆಳಿಗೆ ಆಳು. ನಾನು ಇದನ್ನು ಹೊಲದ ಮಾತೆಂದೇ ತಿಳಿದಿದ್ದೆ. ಹೊಲವನ್ನು ಊರಲ್ಲೇ ಬಿಟ್ಟು ಬಂದ ಈ ಹೆಂಗಸರು ಮುಯ್ಯಿಯನ್ನು ಮಾತ್ರ ಜೊತೆಗೆ ತಂದಿದ್ದರು.

ಸೋಮವಾರ ಬೆಳಿಗ್ಗೆ ಗೇಟಿನ ಹೊರಗಿನ ಗೇರು ಮರದ ತಗ್ಗಿನ ಕೊಂಬೆಗಳಿಗೆಲ್ಲ ಜೋಲಿ ಬಿದ್ದಿದ್ದವು. ಗೌರವ್ವ ನಡುವೆ ಕೂತು ಒಂದಾದ ಮೇಲೊಂದು ತೂಗುತ್ತಿದ್ದಳು. ಮರುದಿನ ಅಲ್ಲಿ ಬೇರೆಯವಳು, ಅದರ ಮರುದಿನ ಇನ್ನೊಬ್ಬಳು. ಹಾಲು ಕುಡಿಸುವ ಹೊತ್ತಿಗೆ ತಾಯಂದಿರು ಒಬ್ಬೊಬ್ಬರಾಗಿ ಬಂದು ಹೋಗುತ್ತಿದ್ದರು. ಕೂತವಳ ಪಗಾರ ಏನಾಯಿತು ಎಂದು ನನಗೆ ಚಿಂತೆ. ಕೂಲಿಯವರನ್ನು ಕರೆತಂದಿದ್ದ ಮುಕಾದಮನನ್ನು ಕೇಳಿದೆ. ಅವನು ಅವರದೇ ಊರಿನವನು, ಕಿವಿಯ ಹಿಂದೆ ಬೀಡಿ ಸಿಕ್ಕಿಸಿಕೊಂಡವನು.

“ಅಕಿ ಪಾಲಿನ ಮಾಲು ಅವ್ರೆಲ್ಲಾ ಕೂಡಿ ಹೊರಾಕತ್ತಾರ್ರಿ ಸಾಹೇಬ್ರ. ನನಗ ಕೆಲಸ ಕಮ್ಮಿ ಬಿದ್ದಿಲ್ಲ. ನಾ ಯಾಕ ಪಗಾರ ಹಿಡೀಲಿ?”

ಅವತ್ತಿನಿಂದ ನಾನು ಆಫೀಸಿನ ಕಿಟಕಿಯಿಂದ ನೋಡತೊಡಗಿದೆ. ಹೆಂಗಸರು ಸಾಲಾಗಿ ಹಲಗೆಯ ಮೇಲೆ ಹತ್ತಿ ಹೋಗುತ್ತಿದ್ದರು. ಒಬ್ಬೊಬ್ಬಳ ಬುಟ್ಟಿಯೂ ಸ್ವಲ್ಪ ಹೆಚ್ಚು ತುಂಬಿತ್ತು. ಅಲ್ಲಿ ಇಲ್ಲದವಳನ್ನು ಅವರೆಲ್ಲ ಹಂಚಿಕೊಂಡು ತಲೆಯ ಮೇಲೆ ಹೊತ್ತಿದ್ದರು. ನಾನು ಅಲ್ಲಿಯವರೆಗೆ ಶಿಕ್ಷಣದಲ್ಲಿ ಬಂಡವಾಳ ಎಂಬ ಮಾತನ್ನು ಎಷ್ಟು ಸಲ ಟೈಪ್ ಮಾಡಿಸಿದ್ದೆನೋ. ಅದಕ್ಕೆ ತೂಕ ಇರುತ್ತದೆಂದು ಅವತ್ತು ಕಣ್ಣಾರೆ ಕಂಡೆ. ಶಿರೋಡ್ಕರ್ ದಿನಾ ಮಧ್ಯಾಹ್ನ ಗೇರು ಮರದವರೆಗೆ ನಡೆದು ಹೋಗಿ, ಕೊಂಬೆಗಳನ್ನು ಕೈಯಿಂದ ಜಗ್ಗಿ ನೋಡಿ ಬರುತ್ತಿದ್ದರು. ಅದು ಅವರ ಕೆಲಸವಾಗಿರಲಿಲ್ಲ.

ರೇಣವ್ವ ಪಾಟಿ ವಾಪಸ್ ತೆಗೆದುಕೊಂಡಳು. ಹಗ್ಗವಿಲ್ಲದ ಕಾಲು ಅಭ್ಯಾಸಕ್ಕೆ ಇನ್ನೂ ಆಡುತ್ತಲೇ ಇತ್ತು.

ವಿಮಲಾಳಿಗೆ ಒಂದು ಆಸೆ ಹುಟ್ಟಿತು. ಒಂದು ಸಂಜೆ ಮರದ ಕೆಳಗೆ ಸಂಗವ್ವನ ಪಾಳಿ ಇದ್ದಾಗ, “ನನ್ನನ್ನೂ ಈ ಮುಯ್ಯಿದಾಗ ಸೇರಿಸಿಕೊಳ್ರಿ. ಸಂಜೀಕ ಸಾಲಿ ಬಿಟ್ಟ ಮ್ಯಾಲ ನಾ ಕೂಡ್ತೀನಿ,” ಎಂದಳು.

ಸಂಗವ್ವ ನಕ್ಕಳು. ಕೆಟ್ಟ ನಗುವಲ್ಲ.

“ನಿಮಗೇನರ ಬೇಕಾಗೈತೇನ್ರಿ ಅಕ್ಕಾರ, ನಮ್ಮಿಂದ?”

“ನನಗೇನು ಬೇಕವಾ? ಏನೂ ಬ್ಯಾಡ.”

“ಹಂಗಾದ್ರ ಮುಯ್ಯಿ ಹೆಂಗಾಗತೈತ್ರಿ? ಇಬ್ರಿಗೂ ಗರಜು ಇರಬೇಕ್ರಿ. ಬರೇ ಕೊಡೂದಂದ್ರ ಅದು ದಾನ. ದಾನಾ ನೀವು ಮಾಡಾಕತ್ತೇರಿ, ಕಂಪನಿ ಮಾಡಾಕತ್ತೈತಿ, ಚಲೋ ಐತಿ. ಇದು ಬ್ಯಾರೇ ರೀ.”

ನಾವು ಸ್ಕೂಟರ್ ಹತ್ತಿ ಮನೆಗೆ ಬಂದೆವು. ನಮ್ಮ ಮನೆತನದ ಬಗ್ಗೆ ನಿಮಗೆ ಒಂದು ಹೇಳಬೇಕು. ಸಕ್ಕರೆ ಮುಗಿದರೆ ಪಕ್ಕದ ಮನೆಯ ಬಾಗಿಲು ತಟ್ಟದೆ ಬೆಲ್ಲದ ಚಹಾ ಕುಡಿದು, ಬೆಲ್ಲವೇ ಆರೋಗ್ಯಕ್ಕೆ ಒಳ್ಳೆಯದು ಎಂದು ಸಾಧಿಸುವವರು ನಾವು. ಯಾರ ಹಂಗಿನಲ್ಲೂ ಇಲ್ಲ ಎಂಬುದು ನನ್ನ ತಂದೆಯ ದೊಡ್ಡ ಹೆಮ್ಮೆಯಾಗಿತ್ತು, ನನ್ನದೂ ಅದೇ. ಆ ಹೆಮ್ಮೆ ಇದ್ದವರಿಗೆ ಗೇರು ಮರದ ಕೆಳಗೆ ಜಾಗವಿಲ್ಲ ಎಂದು ಆ ಹೆಂಗಸು ನಗುತ್ತಲೇ ಹೇಳಿಬಿಟ್ಟಿದ್ದಳು.

ಮೇ ತಿಂಗಳ ಕೊನೆಗೆ ಶೆಡ್ಡಿಗೆ ಚಾವಣಿ ಏರಿತು. ಕೆಲಸ ಮುಗಿಯಿತು. ಮುಕಾದಮ ರತ್ನಾಗಿರಿಯ ಕಡೆ ಹೊಸ ಕೆಲಸ ಹಿಡಿದಿದ್ದ. ಗುಂಪಿಗೆ ಗುಂಪೇ ಹೊರಡುವುದೆಂದು ಗೊತ್ತಾಯಿತು. ಕನ್ನಡ ಸಾಲಿಯ ಹೆಡ್‌ಮಾಸ್ತರರು ಆ ವಾರವೇ ಬಂದು ಮಕ್ಕಳನ್ನು ಪರೀಕ್ಷಿಸಿ, ರೇಣವ್ವನನ್ನು ನಾಲ್ಕನೇತ್ತೆಗೆ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಹೋಗಿದ್ದರು. ಕಂಪನಿ ಮಕ್ಕಳನ್ನು ಸಾಲಿಗೆ ಒಯ್ಯಲು ಒಂದು ವ್ಯಾನು ಕೊಟ್ಟಿತ್ತು. ವ್ಯಾನು ಇತ್ತು, ಸಾಲಿ ಇತ್ತು, ಮಕ್ಕಳೇ ಊರು ಬಿಡುವವರಿದ್ದರು. ವಿಮಲಾ ಆ ರೇಣವ್ವನನ್ನು ನಮ್ಮ ಮನೆಯಲ್ಲೇ ಇಟ್ಟುಕೊಳ್ಳೋಣ ಎಂದಳು. ನನಗೂ ಅದೇ ಸರಿ ಕಂಡಿತು. ಇಬ್ಬರೂ ಕೂಡಿ ಸಂಗವ್ವನನ್ನು ಕೇಳಲು ಹೋದೆವು.

ಸಂಗವ್ವ ಗಂಟು ಕಟ್ಟುತ್ತಿದ್ದಳು. ಕೂಸು ಪಾತ್ರೆ ಬಡಿಯುತ್ತಿತ್ತು. ನಾವು ಹೇಳಿದ್ದನ್ನು ಪೂರ್ತಿ ಕೇಳಿ, “ಆತ್ರಿ ಅಕ್ಕಾರ, ಅದು ಆಗೇತಿ,” ಎಂದಳು.

“ಏನಾಗೇದ?”

“ಗೌರವ್ವ ನಿಂದರತಾಳ್ರಿ ಈ ವರ್ಸ. ಇಲ್ಲೇ ಬ್ಯಾರೆ ಕಡೆ ಕೆಲಸ ನೋಡ್ಯಾಳ. ಅಕಿ ಮಕ್ಕಳ ಜೋಡಿ ನನ್ನ ಮಗಳೂ ಇರತೈತಿ. ಬರೂ ವರ್ಸ ಸಾಲಿ ಸುರು ಆಗೂಮುಂದ ನಾ ಬರತೇನಿ. ಅಕಿ ಹೋಗತಾಳ. ಅಕಿ ಮಕ್ಕಳು ನನ್ನ ಕಡೆ ಇರ್ತಾವು.”

ದಿನಕ್ಕೊಂದು ಪಾಳಿಯಾಗಿದ್ದ ಮುಯ್ಯಿಯನ್ನು ಇವರು ವರ್ಷಕ್ಕೊಂದು ಮಾಡಿಕೊಂಡಿದ್ದರು. ಒಬ್ಬ ತಾಯಿ ಒಂದು ವರ್ಷ ಮಗಳನ್ನು ಬಿಟ್ಟಿರುವುದು, ಇನ್ನೊಬ್ಬಳು ಒಂದು ವರ್ಷ ಗಂಡನನ್ನು ಬಿಟ್ಟಿರುವುದು, ಮರುವರ್ಷ ಅದಲುಬದಲು. ಇಷ್ಟು ದೊಡ್ಡ ಮಾತನ್ನು ಸಂಗವ್ವ ಗಂಟಿನ ಹಗ್ಗ ಬಿಗಿಯುತ್ತ ಹೇಳಿದಳು. ವಿಮಲಾ ನನ್ನ ತೋಳು ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಲಾರಿ ಹೊರಟಿತು. ರೇಣವ್ವ ತಮ್ಮನನ್ನು ಎತ್ತಿ ತಾಯಿಯ ಕೈಗೆ ಕೊಟ್ಟಳು. ಕೂಸು ಲಾರಿಯಿಂದ ಅಕ್ಕನ ಕಡೆ ಎರಡೂ ಕೈ ಚಾಚಿ ಕಿರುಚುತ್ತಿತ್ತು. ಲಾರಿ ತಿರುವು ದಾಟುವವರೆಗೂ ರೇಣವ್ವನ ಸೊಂಟ ಒಂದು ಕಡೆ ವಾಲಿಯೇ ಇತ್ತು.

ಆ ವರ್ಷವನ್ನು ನಾನು ನೆಮ್ಮದಿಯಿಂದ ಕಳೆಯಲಿಲ್ಲ. ರೇಣವ್ವ ಸಾಲಿಗೆ ಹೋದಳು, ಮಳೆಯಲ್ಲಿ ಹೋದಳು, ಜ್ವರ ಬಂದು ಎದ್ದು ಹೋದಳು. ಗೌರವ್ವ ಮೂವರಿಗೂ ಒಂದೇ ತಟ್ಟೆಯಲ್ಲಿ ಕಲಸಿ ತುತ್ತು ಕೊಡುತ್ತಿದ್ದಳು, ಮೂವರಿಗೂ ಒಂದೇ ಕೋಲಿನಲ್ಲಿ ಬಡಿಯುತ್ತಿದ್ದಳು. ಆದರೂ ನನ್ನದು ಆಫೀಸಿನ ಬುದ್ಧಿ. ಕಾಗದವಿಲ್ಲದ ಮಾತಿನ ಮೇಲೆ ಒಂದು ವರ್ಷ ನಿಂತಿದೆ ಎನ್ನುವುದು ನನಗೆ ಅರಗುತ್ತಿರಲಿಲ್ಲ. ಸಂಗವ್ವನಿಗೆ ಅಲ್ಲಿ ಕಾಯಿಲೆಯಾದರೆ, ಗಂಡ ಬೇಡವೆಂದರೆ, ಒಂದು ವರ್ಷದಲ್ಲಿ ಮನಸ್ಸೇ ಬದಲಾದರೆ? ಒಂದು ದಿನ ತಡೆಯಲಾರದೆ ಗೌರವ್ವನನ್ನೇ ಕೇಳಿದೆ.

“ಸಂಗವ್ವ ಬರಲಿಲ್ಲಂದ್ರ ಏನ್ ಮಾಡ್ತಿ?”

ಗೌರವ್ವ ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ. ನನ್ನ ಪ್ರಶ್ನೆ ಅವಳಿಗೆ ತಿಳಿಯಲೇ ಇಲ್ಲ. “ಯಾಕ್ರೀ, ಏನರ ಸುದ್ದಿ ಬಂದೈತೇನು?” ಎಂದು ಗಾಬರಿಯಾದಳು. ನಾನು ಇಲ್ಲ ಇಲ್ಲ ಎಂದು ಹೇಳಿ, ಅವಳನ್ನು ಸಮಾಧಾನ ಮಾಡಿ ಬರುವಷ್ಟರಲ್ಲಿ ಸಾಕಾಯಿತು.

ಜೂನ್ ಬಂತು. ಮೊದಲ ಮಳೆ ಬಿದ್ದು ಕೆಂಪು ನೀರು ಹರಿಯಿತು. ಸಾಲಿ ಶುರುವಾಗುವ ಹಿಂದಿನ ದಿನ ಸಂಜೆ ನಾನೂ ವಿಮಲಾಳೂ ಏನೋ ನೆವ ಮಾಡಿಕೊಂಡು ಗುಡಿಸಲಿನ ಕಡೆ ಹೋದೆವು. ಗೌರವ್ವನ ಗಂಟು ಕಟ್ಟಿ ಬಾಗಿಲಲ್ಲಿಟ್ಟಿತ್ತು. ಸಂಗವ್ವ ಬಂದೇ ಬರುತ್ತಾಳೆ ಎಂದು ಗಂಟು ಕಟ್ಟಿಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಬಸ್ಸಿಳಿದು, ಇಳಿಜಾರಿನ ಕೆಳಗಿನಿಂದ, ತಲೆಯ ಮೇಲೆ ಟ್ರಂಕು ಹೊತ್ತು ಸಂಗವ್ವ ಏರಿ ಬಂದಳು. ಸೊರಗಿದ್ದಳು. ಪಕ್ಕದಲ್ಲಿ ಆ ಕೂಸು ಈಗ ತನ್ನ ಕಾಲಿನಲ್ಲೇ ನಡೆಯುತ್ತಿತ್ತು.

ರೇಣವ್ವ ಓಡಿ ಹೋಗಿ ಮೊದಲು ತಮ್ಮನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೈ ಚಾಚಿದಳು. ಅವನು ತಾಯಿಯ ಸೀರೆಯ ಹಿಂದೆ ಅಡಗಿದ. ಅವಳು ಇನ್ನೊಮ್ಮೆ ಕರೆದಳು. ಅವನಿಗೆ ಗುರುತು ಸಿಗಲಿಲ್ಲ. ಆಗ ಮೊದಲ ಸಲ ನಾನು ಆ ಹುಡುಗಿ ಅತ್ತದ್ದನ್ನು ನೋಡಿದೆ. ಸಂಗವ್ವ ಟ್ರಂಕು ಇಳಿಸಿ, ಮಗಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ನಾಲ್ಕನೇತ್ತೆ ಪಾಸಾಗಿದ್ದಾಳೆ ಎಂದು ವಿಮಲಾ ಹೇಳಿದಳು. ಹೂಂ ಎಂದಳು ಸಂಗವ್ವ, ಮಗಳ ಕೂದಲಲ್ಲಿ ಕೈಯಾಡಿಸುತ್ತ. ನಮ್ಮ ಕಂಪನಿ ಆ ವರ್ಷ ಆ ಸಾಲಿಯ ಮೇಲೆ ಹಾಕಿದ್ದು ಕಡಿಮೆಯೇನಲ್ಲ, ಅದಿಲ್ಲದೆ ಏನೂ ಆಗುತ್ತಿರಲಿಲ್ಲ. ಆದರೆ ಆ ಸಂಜೆ ಅಲ್ಲಿ ನಿಂತಾಗ, ಈ ಇಬ್ಬರು ತಾಯಂದಿರು ಹಾಕಿದ್ದರ ಮುಂದೆ ನನಗೆ ಟೋಪಿ ತೆಗೆದು ನಿಲ್ಲಬೇಕೆನಿಸಿತು. ನನ್ನ ತಲೆಯ ಮೇಲೆ ಟೋಪಿ ಇರಲಿಲ್ಲ, ಹೆಲ್ಮೆಟ್ ಇತ್ತು. ಅದನ್ನೇ ತೆಗೆದು ಕೈಯಲ್ಲಿ ಹಿಡಿದು ನಿಂತೆ.

ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಹೊಗಳಲಿಲ್ಲ, ಉಪಕಾರ ಎನ್ನಲಿಲ್ಲ. ಅಲ್ಲಿ ನೀರು ದೂರ ಐತಿ, ಬೆಳಿಗ್ಗೆ ಲಗೂನ ಎದ್ದು ತರಬೇಕು, ಎಂದು ಸಂಗವ್ವ ಹೇಳಿದಳು. ಎರಡನೇದವ ಮೆಣಸಿನಕಾಯಿ ತಿನ್ನಂಗಿಲ್ಲ ಎಂದು ಗೌರವ್ವ ಹೇಳಿದಳು. ಮರುದಿನ ಬೆಳಿಗ್ಗೆ ಗೌರವ್ವ ಸಣ್ಣ ಕೂಸನ್ನು ಕಟ್ಟಿಕೊಂಡು ಬಸ್ ಹತ್ತಿದಳು. ಅವಳ ದೊಡ್ಡ ಮಕ್ಕಳು ಸಂಗವ್ವನ ಪಕ್ಕದಲ್ಲಿ ನಿಂತು ಕೈ ಬೀಸಿದರು, ಆಮೇಲೆ ರೇಣವ್ವನ ಜೊತೆ ವ್ಯಾನು ಹತ್ತಿ ಸಾಲಿಗೆ ಹೋದರು.

ಹಾಗೆಯೇ ಕೆಲವು ವರ್ಷ ನಡೆಯಿತು. ರೇಣವ್ವ ಹತ್ತನೇತ್ತೆ ಪಾಸಾದಾಗ ಪೇಢಾ ತಂದಿದ್ದಳು. ಆಮೇಲೆ ಊರ ಕಡೆ ಹೋದರು, ನಾನು ನಿವೃತ್ತನಾದೆ, ಈಗ ಅವಳು ಎಲ್ಲಿದ್ದಾಳೋ ಗೊತ್ತಿಲ್ಲ.

ಬರುವ ವಾರ ವಿಮಲಾಳಿಗೆ ಕಣ್ಣಿನ ಆಪರೇಶನ್. ಆಮೇಲೆ ದಿನಕ್ಕೆ ಎಷ್ಟೋ ಸಲ ಕಣ್ಣಿಗೆ ಹನಿ ಹಾಕಬೇಕು. ನನ್ನ ಕೈ ಈಗ ನಡುಗುತ್ತದೆ. ಬರೀ ನೀರು ಹಾಕಿ ಪ್ರಯೋಗ ಮಾಡಿದೆವು, ಎಲ್ಲ ಆಕೆಯ ಕಿವಿಗೆ ಹೋಯಿತು. ದುಡ್ಡು ಕೊಟ್ಟು ನರ್ಸನ್ನು ಕರೆಸೋಣ ಎಂದು ನಾನು ಎಲ್ಲ ಮಾತಾಡಿ ಇಟ್ಟಿದ್ದೆ. ಯಾರ ಹಂಗೂ ಬೇಡ.

ಇವತ್ತು ಆ ಚಹಾ ಮುಗಿಸಿ, ಯಾಕೋ ಎದ್ದು, ಕೋಲು ಹಿಡಿದು ಮೆಟ್ಟಿಲಿಳಿದು ಕೆಳಗಿನ ಮನೆಯ ಬೆಲ್ ಒತ್ತಿದೆ. ಅಲ್ಲಿ ಕಾರವಾರದ ಕಡೆಯ ಹುಡುಗಿ ಸುಷ್ಮಾ ಇರುತ್ತಾಳೆ. ಬ್ಯಾಂಕಿನ ನೌಕರಿ, ಗಂಡ ಹಡಗಿನಲ್ಲಿ, ಸಣ್ಣ ಮಗ. ಇಷ್ಟು ವರ್ಷ ನಾವು ಮೆಟ್ಟಿಲಲ್ಲಿ ನಕ್ಕು ಮುಂದೆ ಹೋದವರು. ಬಾಗಿಲು ತೆರೆದವಳು, “ಮಗ ಗಲಾಟೆ ಮಾಡಿದ್ನಾ ಅಂಕಲ್?” ಎಂದು ಹೆದರಿದಳು.

“ಇಲ್ಲಮ್ಮ. ನನಗ ಒಂದು ಸಹಾಯ ಬೇಕಾಗಿತ್ತು,” ಎಂದೆ. ಈ ಮಾತನ್ನು ನಾನು ಜನ್ಮದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದಾಗ ನನ್ನ ದನಿ ನನಗೇ ಬೇರೆ ಕೇಳಿಸಿತು. ಹನಿಯ ವಿಷಯ ಹೇಳಿದೆ.

ಅವಳು ಬೆಳಿಗ್ಗೆ, ಸಂಜೆ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಂದು ಹಾಕುತ್ತೇನೆ ಎಂದಳು. ನಾನು ಹೊರಡಲು ತಿರುಗಿದಾಗ ಅವಳೇ ತಡೆದಳು.

“ಅಂಕಲ್, ನಾನೂ ನಿಮ್ಮತ್ರ ಒಂದು ಕೇಳ್ಬೇಕು ಅಂತ ಇದ್ದೆ. ಎಷ್ಟೋ ದಿನದಿಂದ. ಧೈರ್ಯ ಆಗ್ಲಿಲ್ಲ. ಇವ ಶಾಲೆಯಿಂದ ಬಂದ ಮೇಲೆ ನಾನು ಬರುವ ತನಕ ಒಬ್ಬನೇ ಬೀಗ ಹಾಕಿಕೊಂಡು...”

ಅವಳು ಮಾತು ಮುಗಿಸಬೇಕಾಗಲಿಲ್ಲ. ಮೇಲೆ ಮೆಟ್ಟಿಲಿನ ಕಟಾಂಜನ ಹಿಡಿದು ನಿಂತು ಎಲ್ಲ ಕೇಳುತ್ತಿದ್ದ ವಿಮಲಾ ಅಲ್ಲಿಂದಲೇ ಹೇಳಿದಳು, “ನಾಳೆಯಿಂದನ ಕಳಸವಾ.”